ಸೊನ್ನೆ ಗುಂಡಿಯ ಒಡಪು

ಮೊನ್ನೆ ನನ್ನ ಫೋನು "ಆ್ಯಪ್ ನಿಂತುಹೋಗಿದೆ" ಎಂದು ತೋರಿಸಿತು. ನೀವಾದರೆ ಇನ್ನೊಮ್ಮೆ ಒತ್ತಿ ಸುಮ್ಮನಾಗುತ್ತೀರಿ. ನಾನು ಆ ಸಾಲು ಕಂಡರೆ ಈಗಲೂ ಫೋನು ಕೆಳಗಿಟ್ಟುಬಿಡುತ್ತೇನೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತು. ಕೊಟ್ಟೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸು. ಕಲಿಯಲು ಬರುವವರಿಗಿಂತ ಹರಟಲು ಬರುವವರೇ ಹೆಚ್ಚು. ಅವರಲ್ಲಿ ಬಟ್ಟೆ ಅಂಗಡಿಯ ಗೆಳೆಯ ಮಹಾಂತೇಶನೂ ಒಬ್ಬ. ಅವನ ಹೆಂಡತಿ ಗೌರಮ್ಮನಿಗೆ ಗಂಟಲಿನ ಕ್ಯಾನ್ಸರ್. ಆಪರೇಷನ್ ಆದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ನಾನೋ ಮಹಾ ಪಂಡಿತ! ಆಕೆಯ ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿ, ಫೋನಿನ ಒಂದೊಂದು ಗುಂಡಿಗೆ ಒಂದೊಂದು ಮಾತು ಕೂರಿಸುವ ಆ್ಯಪು ಬರೆಯಹೊರಟೆ. ಒಂದು ಒತ್ತಿದರೆ "ಏನ್ರಿ", ಎರಡಕ್ಕೆ "ನೀರು", ಐದಕ್ಕೆ "ನೋವಾಗಾಕತ್ತೈತಿ". ಸೊನ್ನೆಗೆ ಗಂಡನ ಹೆಸರಿರಲಿ ಎಂಬುದು ನನ್ನ ಹಟ.

"ಏನ್ರಿ ಅಂದ್ರ ಸಂತ್ಯಾಗ ಎಲ್ಲಾ ಗಂಡಸರೂ ತಿರುಗ್ತಾರ. ಹೆಸರು ಹೇಳವಾ ತಂಗಿ," ಎಂದೆ.

"ಅಯ್ಯ, ಗಂಡನ ಹೆಸರು ಹಂಗ ಬಾಯಿಬಿಟ್ಟು ಹೇಳ್ತಾರೇನ್ರಿ ಅಣ್ಣಾರ?" ಎಂದು ನಾಚಿದ ಗೌರಮ್ಮ ಕೊನೆಗೆ ಒಡಪು ಹೇಳಿದಳು. ಆರತಿಯ ಹೊತ್ತಿನಲ್ಲಿ ನಮ್ಮ ಹೆಂಗಸರು ಪ್ರಾಸ ಕಟ್ಟಿ, ನಡುವೆ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದು. ತವರಿನಿಂದ ಹೊರಟು ಎಲ್ಲೆಲ್ಲೋ ಸುತ್ತಿ, "ಹಂಪಸಾಗರದ ಹೊಳಿಗೆ ಮರಳಿನ ಸಾಲು, ಮಹಾಂತೇಶರ ಜೋಡಿ ನನ್ನ ಬಾಳು" ಎಂದು ಮುಗಿಸಿದಾಗ ಪಕ್ಕದಲ್ಲಿದ್ದ ಮಹಾಂತೇಶ ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಆಪರೇಷನ್ನಾಯಿತು. ಮನೆಗೆ ಬಂದ ಗೌರಮ್ಮ ಸೊನ್ನೆ ಒತ್ತಿದಾಗಲೆಲ್ಲ ಆ್ಯಪು ನಿಂತುಹೋಗುತ್ತಿತ್ತು. ಇಂಥ ತಪ್ಪು ಹುಡುಕಲು ನನ್ನ ಕಂಪ್ಯೂಟರಿನಲ್ಲಿ ಒಂದು ಸಾಧನವಿತ್ತು: ಪರದೆಯ ಮೇಲೆ ಫೋನಿನ ಚಿತ್ರ, ಪಕ್ಕದಲ್ಲಿ ಮೆಮೊರಿ ಎಷ್ಟು ತುಂಬಿತೆಂದು ತೋರುವ ಹಸಿರು ಗೆರೆ. ಇಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಗುಂಡಿ ಒತ್ತಿದೆ. "ನೀರು" ಎಂದಾಗ ಗೆರೆ ತುಸು ಎದ್ದು ಇಳಿಯಿತು. ಸೊನ್ನೆ ಒತ್ತಿದರೆ ಏರಿತು, ಏರಿತು, ತುದಿ ಮುಟ್ಟಿತು, ಆ್ಯಪು ಮುಚ್ಚಿತು. ಅಷ್ಟುದ್ದದ ಒಡಪು ಆ ಸಣ್ಣ ಫೋನಿಗೆ ಹಿಡಿಸುತ್ತಿರಲಿಲ್ಲ.

"ಹೆಸರಷ್ಟ ಉಳಿಸಿ ಮಿಕ್ಕಿದ್ದು ಕತ್ತರಸ್ತೀನಿ," ಎಂದೆ. ಗೌರಮ್ಮ ಬೇಡವೆಂದು ಕೈಯಾಡಿಸಿದಳು.

"ಬಿಡಲೇ," ಎಂದ ಮಹಾಂತೇಶ. "ಬರೇ ಹೆಸರು ಆಕಿ ಬಾಯಾಗ ಎಂದೂ ಬಂದಿಲ್ಲ. ಈಗ ಮಷೀನಿನ ಕೈಲೆ ಅನಸ್ಬೇಕೇನು? ತಗದುಬಿಡು. ಆಕಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ತೀನಿ?"

ತೆಗೆದೆ. ವರ್ಷ ತುಂಬುವ ಮೊದಲೇ ಆಕೆ ಹೋದಳು.

ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ಮಹಾಂತೇಶ ಕ್ಲಾಸಿಗೆ ಬಂದ. "ಆಕಿ ದನಿ ನಿನ್ನ ಕಂಪ್ಯೂಟರಿನ್ಯಾಗ ಅದಾವೇನು?"

ಇದ್ದವು. ನಾನು ಒಡಪು ಹುಡುಕತೊಡಗಿದೆ.

"ಅದು ಬ್ಯಾಡ. ಅದು ಮಂದಿ ಮುಂದ ಹೇಳೋದು. 'ಏನ್ರಿ' ಹಾಕು."

ಹಾಕಿದೆ.

"ಹೂಂ, ಹೇಳು," ಎಂದ, ಆಕೆಗೇ ಓಗೊಟ್ಟಂತೆ. ಪರದೆಯ ಮೇಲೆ ಆ ಹಸಿರು ಗೆರೆ ಆಗಲೇ ಇಳಿದುಬಿಟ್ಟಿತ್ತು. ಅವನು ಇನ್ನೂ ಕೇಳಿಸಿಕೊಳ್ಳುತ್ತಲೇ ಕುಳಿತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಈಗ ನನ್ನವಳು ಒಳಗಿನಿಂದ ಕರೆದರೆ ಮೊದಲ ಸಲಕ್ಕೇ ಎದ್ದು ಹೋಗುತ್ತೇನೆ. "ವಯಸ್ಸಾದ ಮ್ಯಾಲ ಭಾಳ ಶಾಣ್ಯಾ ಆಗೀರಿ," ಎಂದು ನಗುತ್ತಾಳೆ. ಯಾಕೆಂದು ನಾನು ಹೇಳಿಲ್ಲ.