ಬೆಳ್ಯಪ್ಪ ಮಾಸ್ಟ್ರ ಆಟದ ವೀರರು

ಕೋಡಿಂಬಾಳದ ಆಚೆಯ ಒಂದು ಶಾಲೆಯಲ್ಲಿ ಬೆಳ್ಯಪ್ಪ ಮಾಸ್ಟ್ರು ಇಪ್ಪತ್ತೆಂಟು ವರ್ಷ ಪಾಠ ಮಾಡಿದರು. ಅಷ್ಟು ವರ್ಷದಲ್ಲಿ ಒಬ್ಬನನ್ನೂ ನಪಾಸು ಮಾಡಿದವರಲ್ಲ. ಎರಡು ಅಂಕ ಕಡಿಮೆಯಾದರೆ ಉತ್ತರಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಕ್ಷರ ದುಂಡಗಿದೆ ಎಂದು ಆ ಎರಡನ್ನೂ ಕೊಟ್ಟುಬಿಡುವರು. ಅದೇ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. "ಇದು ಕರುಣೆ ಅಲ್ಲ ಮಾಸ್ಟ್ರೇ, ಸುಳ್ಳು" ಎಂದು ಮುಖಕ್ಕೇ ಹೇಳಿದ್ದೆ. ಅವರು ನಕ್ಕು ಮುಂದಿನ ಉತ್ತರಪತ್ರಿಕೆ ಎತ್ತಿಕೊಳ್ಳುತ್ತಿದ್ದರು.

೧೯೮೪ರಲ್ಲಿ ಹಡಗಿನಲ್ಲಿ ಅಡುಗೆಯವನಾಗಿದ್ದ ಮೂಸಕುಂಞಿ ರಜೆಯಲ್ಲಿ ಊರಿಗೆ ಬಂದವನು, ಪರದೇಶದ ನಾವಿಕರ ಒಂದು ಆಟದ ಸುದ್ದಿ ಹೇಳಿದ. ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಬ್ಬೊಬ್ಬ ವೀರನಾಗುವುದು, ಒಬ್ಬ ಕಥೆ ನಡೆಸುವುದು, ಸಾವು ಬದುಕು ದಾಳ ಬಿದ್ದ ಹಾಗೆ. ಮಾಸ್ಟ್ರು ಒಂದೇ ವಾರದಲ್ಲಿ ತಮ್ಮದೇ ಆಟ ಕಟ್ಟಿದರು. ದಾಳದ ಬದಲು ಆರು ಕವಡೆ. ಜಾಗ, ಕಡಬದಲ್ಲಿ ದೇವದಾಸ ರೈಗಳ ಗೊಬ್ಬರದಂಗಡಿಯ ಹಿಂದಿನ ಕೋಣೆ. ರೈಗಳು ಖಡ್ಗದ ವೀರ, ಮೂಸಕುಂಞಿ ಮಂತ್ರವಾದಿ, ನಾನು ಮದ್ದಿನವಳು. ಮನೆಯಲ್ಲೂ ಶಾಲೆಯಲ್ಲೂ ಗಾಯಕ್ಕೆ ಬಟ್ಟೆ ಕಟ್ಟುವವಳಿಗೆ ಆಟದಲ್ಲೂ ಅದೇ ಚಾಕರಿ!

ನಾಲ್ಕನೆಯವನು ಸುಂದರ, ಮಾಸ್ಟ್ರ ಹಳೆಯ ಶಿಷ್ಯ. ಅಡಿಕೆ ಕೊಯ್ಯುತ್ತಿದ್ದವನು ಮೂರು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಆಮೇಲೆ ಮನೆಯ ಮೆಟ್ಟಿಲು ಇಳಿದಿರಲಿಲ್ಲ. ಮಾಸ್ಟ್ರೇ ಜೀಪು ಮಾಡಿಕೊಂಡು ಹೋಗಿ, ಊರುಗೋಲಿನ ಸಮೇತ ಅವನನ್ನು ಎತ್ತಿ ತಂದಿದ್ದರು. ಏನಾಗುತ್ತೀ ಎಂದು ಕೇಳಿದರೆ ತಲೆ ಎತ್ತದೆ, "ಮರ ಹತ್ತುವವ" ಅಂದ.

ಮೂರು ಆದಿತ್ಯವಾರ ಅವನದು ಒಂದೇ ಮಾತು. "ನಾನು ಮರದಲ್ಲೇ ಉಂಟು." ಹತ್ತಲು ಒಂದು ಸರದಿ, ಇಳಿಯಲು ಒಂದು ಸರದಿ ಎಂದು ಮಾಸ್ಟ್ರು ನಿಯಮ ಬರೆದಿದ್ದರು. ಅವನು ಇಳಿಯುವಷ್ಟರಲ್ಲಿ ರೈಗಳ ಖಡ್ಗ ಶತ್ರುಗಳನ್ನೆಲ್ಲ ಮುಗಿಸಿರುತ್ತಿತ್ತು. ಕೋಣೆ ಕೊಟ್ಟವರಿಗೆ ಮಾಸ್ಟ್ರು ಶಕ್ತಿಯನ್ನು ಧಾರಾಳವಾಗಿ ಬಡಿಸಿದ್ದರು.

ನಾಲ್ಕನೆಯ ವಾರ ಸುಂದರ ಹೇಳಿಬಿಟ್ಟ. "ಇನ್ನು ನಾನು ಬರುದಿಲ್ಲ ಮಾಸ್ಟ್ರೇ. ಮನೆಯಲ್ಲಿ ಕೂತರೂ ಒಂದೇ, ಇಲ್ಲಿ ಕೂತರೂ ಒಂದೇ."

ಮಾಸ್ಟ್ರ ಮುಖ ಕಪ್ಪಿಟ್ಟಿತು. ಇವನು ಈಗ ಹೋದರೆ ಮತ್ತೆ ಹೊರಗೆ ಬರುವವನಲ್ಲ ಎಂದು ನಮಗೆಲ್ಲ ಗೊತ್ತಿತ್ತು. "ಎಂತ ಮಾಡಿದರೆ ಬರ್ತಿ, ಹೇಳು."

"ಅಡಿಕೆ ಕೊಯ್ಯುವವ ಮರಕ್ಕೊಮ್ಮೆ ಇಳಿಯುದುಂಟಾ? ತುದಿಯಲ್ಲಿ ಕೂತು ಮರ ತೂಗಿ ಆಚೆ ಮರ ಹಿಡಿಯುದು. ಇದೇ ಊರಲ್ಲಿದ್ದು ನೀವು ಒಮ್ಮೆಯೂ ಮೇಲೆ ನೋಡಲಿಲ್ವಾ?"

ಮಾಸ್ಟ್ರು ನಾಚಿದರು. ಅಲ್ಲೇ ಪುಸ್ತಕ ಬಿಚ್ಚಿ ನಿಯಮ ತಿದ್ದಿದರು. ವೀರನ ಖಡ್ಗ ನೆಲದ ಮೇಲೆ ಮಾತ್ರ. ಮಂತ್ರ ದಿನಕ್ಕೊಮ್ಮೆ. ಮದ್ದಿನವಳು ಕೈಯಿಂದ ಮುಟ್ಟಿದರೆ ಮಾತ್ರ ಗುಣ. ಮರ ಹತ್ತುವವನು ನೆಲ ಮುಟ್ಟದೆ ಎಷ್ಟು ಮರವನ್ನಾದರೂ ದಾಟಬಹುದು.

"ಬೀಳುದು?" ಸುಂದರ ಕೇಳಿದ.

"ನಿನಗೆ ಅದು ಬೇಡ."

"ಬೇಕು. ಬೀಳುವ ಹೆದರಿಕೆ ಇಲ್ಲದಿದ್ದರೆ ಅದೆಂತ ಶಕ್ತಿ ಮಾಸ್ಟ್ರೇ? ಎರಡಕ್ಕಿಂತ ಕಡಿಮೆ ಕವಡೆ ಬಾಯಿ ಮೇಲಾದರೆ ಬಿದ್ದು ಸತ್ತೆ. ಬರೀರಿ."

ಮಾಸ್ಟ್ರು ಒಲ್ಲದ ಮನಸ್ಸಿನಿಂದ ಬರೆದರು. ಆ ದಿನದ ಕಥೆಯಲ್ಲಿ ವೀರ ಹೊಂಡಕ್ಕೆ ಬಿದ್ದ. ಹೊಂಡಕ್ಕೆ ನೀರು ನುಗ್ಗತೊಡಗಿತು. ಮಂತ್ರ ಆಗಲೇ ಖರ್ಚಾಗಿತ್ತು, ನಾನು ಹೊಳೆಯ ಈಚೆ ದಡದಲ್ಲಿದ್ದೆ. ಹಗ್ಗ ಹಿಡಿದು ಐದು ಮರ ದಾಟಿ ಹೋಗಲು ಸುಂದರನೊಬ್ಬನೇ ಉಳಿದ.

ಮೊದಲ ಮರಕ್ಕೆ ನಾಲ್ಕು ಬಿತ್ತು. ಎರಡನೆಯದಕ್ಕೆ ಮೂರು. ಮೂರನೆಯದಕ್ಕೆ ಸರಿಯಾಗಿ ಎರಡು. "ಬೇಗ ಬಾ ಮಾರಾಯ, ಕುತ್ತಿಗೆವರೆಗೆ ನೀರು ಬಂತು" ಎಂದು ರೈಗಳು ನಿಜವಾಗಿಯೂ ಬೆವರುತ್ತಿದ್ದರು. ನಾಲ್ಕನೆಯದೂ ದಾಟಿತು. ಸುಂದರನ ಕಣ್ಣುಗಳು ಹೊಳೆಯುತ್ತಿದ್ದವು, ಕೂತಲ್ಲೇ ಅವನ ಮೈ ಅತ್ತಿತ್ತ ತೂಗುತ್ತಿತ್ತು.

ಐದನೆಯ ಸಲ ಕವಡೆಗಳು ಉರುಳಿ ಮಾಸ್ಟ್ರ ಕಡೆಗೆ ಹೋದವು. ಮಾಸ್ಟ್ರು ತಟ್ಟನೆ ಅಂಗೈ ಮುಚ್ಚಿದರು. "ದಾಟಿದಿ!"

"ಕೈ ತೆಗೀರಿ ಮಾಸ್ಟ್ರೇ."

"ದಾಟಿದಿ ಅಂದೆನಲ್ಲ."

"ಮೂರು ವರ್ಷದಿಂದ ಎಲ್ಲರೂ ನನಗೆ ಹೀಗೇ ಹೇಳುದು. ಸರಿಯಾಗ್ತದೆ, ಎಲ್ಲ ಸರಿಯಾಗ್ತದೆ. ನೀವೂ ಹಾಗೆ ಹೇಳಿದರೆ ನಾನು ಈಗಲೇ ಹೋಗುದು."

ಅವನು ಮೇಜು ಹಿಡಿದು ಏಳತೊಡಗಿದ. ಕೈ ತೆಗೆದರೆ ಅವನ ಮರ ಹತ್ತುವವ ಸಾಯುತ್ತಾನೆ, ತೆಗೆಯದಿದ್ದರೆ ಸುಂದರನೇ ಹೊರಟುಹೋಗುತ್ತಾನೆ. ಸುಳ್ಳು ಸುಳ್ಳು ಎಂದು ಜೀವಮಾನವಿಡೀ ಮಾಸ್ಟ್ರನ್ನು ಚುಚ್ಚಿದ ನಾನು, ದೇವರೇ ಆ ಕೈ ಅಲ್ಲೇ ಇರಲಿ ಎಂದು ಬೇಡಿಕೊಂಡೆ. ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ.

ಮಾಸ್ಟ್ರು ನಿಧಾನವಾಗಿ ಕೈ ಎತ್ತಿದರು.

ಒಂದೇ ಕವಡೆ ಬಾಯಿ ಮೇಲೆ ಮಾಡಿತ್ತು.

"ಬಿದ್ದೆ" ಅಂದ ಸುಂದರ. ಮಾಸ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಂದರ ಮತ್ತೆ ಕುಳಿತು, ಆರೂ ಕವಡೆಗಳನ್ನು ಬಾಚಿ ಅವರ ಮುಂದೆ ದೂಡಿದ.

"ನನಗೆ ಹೊಸಬ ಒಬ್ಬ ಬೇಕು. ಬರೀರಿ."

"ಯಾರು?" ಮಾಸ್ಟ್ರು ಪುಸ್ತಕ ಎಳೆದುಕೊಂಡರು. "ಈ ಸಲ ಖಡ್ಗದವನಾ?"

"ಅಲ್ಲ ಮಾಸ್ಟ್ರೇ. ಮರ ಹತ್ತುವವ."