ಎದುರು ಫ್ಲ್ಯಾಟಿನ ಕೋಚ್

ಮೊನ್ನೆ ಗ್ಲೆನ್ ವೇವರ್ಲಿ ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ದವರ ಮಂಡಿಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ನಾನು ಇಳಿಯುವ ನಿಲ್ದಾಣ ಇನ್ನೂ ದೂರವಿತ್ತು. ಆದರೂ ಎದ್ದು ಹೋಗಿ ಬಾಗಿಲ ಬಳಿ ನಿಂತೆ.

ವರ್ಷಗಳ ಹಿಂದೆ, ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಕೋಚ್ ದಿನವೂ ಆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಮೆರಿಕದವರು. ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬೀಳುವ ಅವರ ದೇಶದ ಫುಟ್‌ಬಾಲನ್ನು ವೃತ್ತಿಯಾಗಿ ಆಡಿದವರು. ಚೆಂಡು ಹಿಡಿದು ನುಗ್ಗುವವನನ್ನು ಕೆಡವುವುದು ಅವರ ಕೆಲಸವಾಗಿತ್ತು. "ಓಡಿದವನ ಹೆಸರು ಪೇಪರಿನಲ್ಲಿ, ಕೆಡವಿದವನ ಕಾಲು ಆಸ್ಪತ್ರೆಯಲ್ಲಿ," ಎಂದು ನಗುತ್ತಿದ್ದರು. ಮಂಡಿ ಹೋದ ಮೇಲೆ ಸಿಡ್ನಿಯ ಸಣ್ಣ ಕ್ಲಬ್ಬೊಂದಕ್ಕೆ ಕಲಿಸಲು ಬಂದಿದ್ದರು. ಕ್ಲಬ್ ಮುಂದುವರಿಸಿದರೆ ವೀಸಾ, ಇಲ್ಲದಿದ್ದರೆ ವಾಪಸ್. ಆ ವರ್ಷ ನಾವೂ ಪಿಆರ್‌ಗೆ, ಕಾಯಂ ಆಗಿ ನೆಲೆಸುವ ಅನುಮತಿಗೆ, ಕಾಯುತ್ತಿದ್ದೆವು. ಎರಡೂ ಮನೆಗಳಲ್ಲಿ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ... ಅವರು ಕಾರಿಡಾರಿನಲ್ಲಿ ಕುಂಟುತ್ತ ಅಡ್ಡಾಡುವ ಸದ್ದು ನಮಗೆ ಕೇಳಿಸುತ್ತಿತ್ತು.

ಯುಗಾದಿಯ ಬೆಳಿಗ್ಗೆ ಅಮ್ಮ ಬೇವುಬೆಲ್ಲದ ಬಟ್ಟಲು ಹಿಡಿದು ಅವರ ಬಾಗಿಲು ತಟ್ಟಿದಳು. ಹಿಂದೆ ನಾನಿದ್ದೆ. ತಕ್ಷಣ ಬಾಗಿಲು ತೆರೆಯಿತು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಆಟದ ತಂತ್ರಗಳ ದಪ್ಪ ಫೈಲು, ಮುಖದಲ್ಲಿ ರಕ್ತವಿಲ್ಲ.

"ಯಾರು ಕಳಿಸಿದ್ದು?" ಎಂದರು ಇಂಗ್ಲಿಷಿನಲ್ಲಿ.

"ಯಾರೂ ಕಳಿಸಿಲ್ಲಪ್ಪ! ಯುಗಾದಿ. ಎಂಪ್ಟಿ ಸ್ಟಮಕ್‌ನಲ್ಲಿ ತಿನ್ಬೇಕು, ಅದಕ್ಕೇ ಅರ್ಲಿ ಬಂದೆ," ಎಂದಳು ಅಮ್ಮ. ನಾನು ಅನುವಾದಿಸಿದೆ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ಆಮೇಲೆ ಹೇಳಿದರು: ಅವರ ಆಟದ ಶಿಬಿರಗಳಲ್ಲಿ ಯಾರನ್ನು ಕೈಬಿಡುತ್ತಾರೋ ಅವರ ಕೋಣೆಯ ಬಾಗಿಲನ್ನು ಮುಂಜಾನೆ ತಟ್ಟುತ್ತಾರೆ. ಫೈಲು ತೆಗೆದುಕೊಂಡು ಬಾ ಎನ್ನುತ್ತಾರೆ. ಹೊರಟವನು ಉಳಿದವರನ್ನು ಎಬ್ಬಿಸದೆ ಹೋಗಬೇಕು, ಅದು ಮರ್ಯಾದೆ. ಅವರು ಆಡಿದ ಪ್ರತಿ ತಂಡವೂ ಹೀಗೇ ಬಾಗಿಲು ತಟ್ಟಿ ಕಳಿಸಿತ್ತು.

ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಆಂಟಿ, ಇದು ಹಿಂದಿನಿಂದ ಬಂದು ಕೆಡವಿತು!"

"ಬೆಳಗಾಗೆದ್ದು ಪಾಪದವರನ್ನ ಹೆದರಿಸ್ತೀಯಲ್ಲೇ," ಎಂದು ಅಪ್ಪ ಒಳಗಿನಿಂದ ಕೂಗಿದರು.

ಅಮ್ಮ ಮತ್ತೆಂದೂ ಆ ಬಾಗಿಲು ತಟ್ಟಲಿಲ್ಲ. ಕಾರಿಡಾರಿನಿಂದಲೇ, "ಕೋಚ್, ಇಟ್ಸ್ ಓನ್ಲಿ ಆಂಟಿ!" ಎಂದು ಕೂಗುತ್ತಿದ್ದಳು.

ಕ್ಲಬ್ಬಿನ ತೀರ್ಮಾನ ಕೊನೆಗೆ ಫೋನಿಗೆ ಮೆಸೇಜಾಗಿ ಬಂತು. ಮುಂದುವರಿಸುವುದಿಲ್ಲ. ನಮಗೆ ಸುದ್ದಿ ಹೇಳಲು ಬಂದ ಕೋಚ್ ಕೂರಲೂ ಇಲ್ಲ.

ಅವರು ಹೊರಡುವ ದಿನ ಅಮ್ಮ ಬೇಗ ಎದ್ದು ಚಪಾತಿ ಮಾಡಿ ಕಟ್ಟಿಟ್ಟಳು. ಎದುರುಗಡೆ ಸೂಟ್‌ಕೇಸ್ ಎಳೆಯುವ ಸದ್ದು. ನಾನು ಬಾಗಿಲಿಗೆ ಕೈ ಹಾಕಿದೆ. "ಬೇಡ ಕಣೇ, ಇವತ್ತು ನಾವು ಹೋಗೋದು ಬೇಡ. ಅವರೇ ಬರ್ತಾರೆ," ಎಂದಳು. ಹೆಜ್ಜೆಗಳು ನಮ್ಮ ಬಾಗಿಲ ಹೊರಗೆ ಬಂದು ನಿಂತವು... ಆಮೇಲೆ ಮೆಲ್ಲಗೆ, ಒಂದೊಂದಾಗಿ ಮೆಟ್ಟಿಲಿಳಿದವು. ನಮ್ಮನ್ನು ಎಬ್ಬಿಸಬಾರದೆಂದುಕೊಂಡಿರಬೇಕು. ನಾವು ಓಡಿ ಇಳಿಯುವಷ್ಟರಲ್ಲಿ ಟ್ಯಾಕ್ಸಿ ತಿರುವು ದಾಟಿತ್ತು.

ರೈಲಿಳಿದು ಮನೆಗೆ ಬಂದವಳು ಅವರ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ತೀರಿಕೊಂಡು ಒಂದು ವರ್ಷವಾಗಿದೆ. ಆಡಿದ ತಂಡಗಳು, ಮೈದಾನದಲ್ಲಿ ಆಡಿದ ಸ್ಥಾನ, ಕೆಡವಿದ ಲೆಕ್ಕ ಎಲ್ಲ ಇತ್ತು. ಸಿಡ್ನಿ ಇರಲಿಲ್ಲ.

ಊರಿನ ಇನ್ನೊಂದು ತುದಿಯ ಟ್ರುಗನಿನಾದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಸುದ್ದಿ ಹೇಳಿದೆ. ಅವಳು ಕೇಳಿದಳು: "ಆವತ್ತು ಏನಾದ್ರೂ ತಿಂದಿದ್ರೇನೇ, ಹೋಗೋವಾಗ?"

"ಗೊತ್ತಿಲ್ಲಮ್ಮ," ಎಂದೆ.