ನಾಯಿ ಬರೆಯಲು ಬಾರದವನ ಚಿತ್ರಗಳು

ಕಳೆದ ವಾರ ಕಾಸರಗೋಡು ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸುತ್ತ ನಿಂತಿದ್ದೆ. ಪಕ್ಕದಲ್ಲಿ ಯಾರದೋ ಸರ್ಟಿಫಿಕೇಟು ಲ್ಯಾಮಿನೇಷನ್ ಮೆಷಿನಿನೊಳಗೆ ಹೋಗುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರತಿಯನ್ನೂ ತೆಗೆದುಕೊಳ್ಳದೆ ಹೊರಗೆ ಬಂದುಬಿಟ್ಟೆ. ಆ ವಾಸನೆ ಬಂದರೆ ನನಗೆ ನೆರೆಮನೆಯ ಡ್ರಾಯಿಂಗ್ ಮಾಷ್ಟ್ರು ನೆನಪಾಗುತ್ತಾರೆ, ಅವರ ಮಗಳು ನೆನಪಾಗುತ್ತಾಳೆ...

ಎಣ್ಮಕಜೆಯಲ್ಲಿ ನಮ್ಮೆರಡು ಮನೆಗಳ ನಡುವೆ ಒಂದು ಸಣ್ಣ ನೀರಿನ ತೋಡು ಮಾತ್ರ ಇತ್ತು. ಮಾಷ್ಟ್ರು ಬದಿಯಡ್ಕದ ಕಡೆಯ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಅವರಿಗೊಂದು ಹುಚ್ಚಿತ್ತು. ಮಂಗಳೂರಿನಲ್ಲಿ ಹಿಂದೆ ಒಂದು ಸಣ್ಣ ದಿನಪತ್ರಿಕೆಯಿತ್ತು. ಅದರಲ್ಲಿ ದಿನಾ ಮೂರು ಚೌಕದ ಚಿತ್ರಕಥೆ ಬರುತ್ತಿತ್ತು: ಒಬ್ಬ ಬಡಕಲು ಅಂಚೆಯವ, ಅವನ ಬೆನ್ನು ಬಿಡದ ಒಂದು ನಾಯಿ. ಕಲಾವಿದ ದಪ್ಪ ರಟ್ಟಿನ ಮೇಲೆ ಬರೆದುಕೊಟ್ಟ ಮೂಲಚಿತ್ರವನ್ನು ಅಚ್ಚಿಗೆ ಬೇಕಾದ ಬ್ಲಾಕ್ ಮಾಡಿಸಿದ ಮೇಲೆ ಪ್ರೆಸ್ಸಿನವರು ಮೂಲೆಗೆ ಎಸೆಯುತ್ತಿದ್ದರು. ಮೆಷಿನಿನ ಕಾಲಿಗೆ ಒತ್ತು ಕೊಡಲಿಕ್ಕೂ ಅದೇ, ಚಾ ಗ್ಲಾಸು ಮುಚ್ಚಲಿಕ್ಕೂ ಅದೇ. ಮಾಷ್ಟ್ರು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ, ಕೆಲಸದವರನ್ನು ಕಾಡಿಬೇಡಿ ಅವನ್ನು ತರುತ್ತಿದ್ದರು. ಪತ್ರಿಕೆ ಮುಚ್ಚಿದ ಮೇಲೆ ಗುಜರಿ ಅಂಗಡಿಗಳನ್ನು ಜಾಲಾಡಿದರು.

"ಪೇಪರಲ್ಲಿ ಬಂದದ್ದು ಬರೇ ನಕಲು ಮಾರಾಯ್ರೇ," ಅನ್ನುತ್ತಿದ್ದರು. "ಕೈ ತಪ್ಪಿದ್ದೆಲ್ಲಿ, ತಿದ್ದಿದ್ದೆಲ್ಲಿ ಅಂತ ಇದರಲ್ಲಿ ಮಾತ್ರ ಉಂಟು."

ತಿದ್ದಿದ್ದು ಬೇಕಾದಷ್ಟಿತ್ತು. ಆ ಕಲಾವಿದ ಪುಣ್ಯಾತ್ಮನಿಗೆ ನಾಯಿ ಬರೆಯಲು ಬರುತ್ತಿರಲಿಲ್ಲ. ಬರೆದು, ಬಿಳಿ ಬಣ್ಣ ಬಳಿದು, ಮತ್ತೆ ಬರೆದು, ಮತ್ತೆ ಬಳಿದು, ನಾಯಿ ಇದ್ದಲ್ಲೆಲ್ಲ ಬಣ್ಣ ಗಾಯದ ಹಕ್ಕಳೆಯ ಹಾಗೆ ಎದ್ದು ನಿಂತಿತ್ತು.

ಮಾಷ್ಟ್ರ ಮಗಳಿಗೆ ಆಗ ಮೂವತ್ತರ ಹತ್ತಿರ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು. ನಡೆಯಲಾರಳು, ಮಾತಿಲ್ಲ. ಕಣ್ಣೂ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತ ಬಂದು ಕೊನೆಗೆ ಪೂರ್ತಿ ಹೋಗಿತ್ತು. ತಾಯಿ ಮೊದಲೇ ತೀರಿಕೊಂಡಿದ್ದರು. ಸಂಜೆ ಚಾ ಆದ ಮೇಲೆ ಮಾಷ್ಟ್ರು ಅವಳ ಮಡಿಲಲ್ಲಿ ಒಂದು ರಟ್ಟು ಇಡುತ್ತಿದ್ದರು. ಅವಳು ಅದರ ಮೇಲೆ ತೋರುಬೆರಳನ್ನು ಮೆಲ್ಲನೆ ಸರಿಸುತ್ತ ಹೋಗುವಳು. ಒಂದು ಕಡೆ ಬೆರಳು ಎಡವಿ ನಿಲ್ಲುವುದು.

"ನಾಯಿ ಸಿಕ್ಕಿತಾ ಮಗಾ?"

ಅವಳು ಮೈಯೆಲ್ಲ ಅಲುಗಿಸಿ ನಗುತ್ತಿದ್ದಳು. ಇಡೀ ದಿನದಲ್ಲಿ ಅವಳು ನಗುತ್ತಿದ್ದದ್ದು ಅದೊಂದೇ ಹೊತ್ತು. ಅವರ ಜಗಲಿಯಲ್ಲಿ ಕೂತು ನಾನಿದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದ್ದಷ್ಟೇ. ಅಪ್ಪ ಮಗಳ ಏನೋ ಒಂದು ಆಟ ಅಂದುಕೊಂಡು ಚಾ ಕುಡಿದು ಮನೆಗೆ ಬರುತ್ತಿದ್ದೆ.

ಒಂದು ಮಳೆಗಾಲ ಮಾಷ್ಟ್ರಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಮಗಳನ್ನು ಅವರ ತಂಗಿ ತಮ್ಮ ಮನೆಗೆ ಕರೆದುಕೊಂಡು ಹೋದರು. ಮಾಷ್ಟ್ರ ಮನೆಯ ಮಾಡು ಸೋರುತ್ತಿದ್ದುದರಿಂದ ರಟ್ಟುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು.

"ಸ್ವಲ್ಪ ಜಾಗ್ರತೆ ಮಾಡಿ. ಅವಳಿಗೆ ಬೇರೆ ಎಂತದೂ ಇಲ್ಲ," ಅಂದರು.

ನಾನು ವಿಲ್ಲೇಜ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಬೆಲೆಯಿರುವ ಕಾಗದವೆಂದರೆ ನಮ್ಮವರಿಗೆ ಲ್ಯಾಮಿನೇಷನ್ ಆಗಲೇಬೇಕು. ರೇಷನ್ ಕಾರ್ಡು, ಮದುವೆ ಫೋಟೋ, ಏನೇ ಇರಲಿ. ಮಾಷ್ಟ್ರ ಮಗಳ ವೈದ್ಯಕೀಯ ಶಿಬಿರದ ಕಾರ್ಡನ್ನೂ ನಾನೇ ಮಾಡಿಸಿಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಪೆಟ್ಟಿಗೆ ತೆರೆದು ನೋಡಿದರೆ ರಟ್ಟುಗಳ ಮೇಲೆಲ್ಲ ಅವಳ ಜೊಲ್ಲಿನ ಕಲೆ, ಅಂಚಿನಲ್ಲಿ ಗೆದ್ದಲು. ಮಾಷ್ಟ್ರು ಬರುವಷ್ಟರಲ್ಲಿ ಸರಿಮಾಡಿಸಿಡೋಣ ಅಂತ ಪೆಟ್ಟಿಗೆ ಹೊತ್ತು ಕಾಸರಗೋಡಿಗೆ ಹೋದೆ.

"ಇದು ದಪ್ಪ ಆಯ್ತು, ಮೆಷಿನಿಗೆ ಹೋಗುದಿಲ್ಲ," ಅಂದ ಅಂಗಡಿಯವ. ಹಿಂದಿನ ಪದರ ಸುಲಿದುಬಿಡು ಅಂದವನು ನಾನೇ.

"ಮೇಲೆ ಬಣ್ಣ ಗಟ್ಟಿ ಉಂಟಲ್ಲ, ಚಪ್ಪಟೆ ಆಗ್ತದೆ."

"ಆಗಲಿ ಮಾರಾಯ. ನೀಟ್ ಕಾಣ್ತದೆ."

ಒಂದೂ ಬಿಡದೆ ಮಾಡಿಸಿದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅದು ಗೊತ್ತಾದದ್ದು ಮಾಷ್ಟ್ರು ಆಸ್ಪತ್ರೆಯಿಂದ ಬಂದು, ಮಗಳೂ ಮನೆ ಸೇರಿದ ದಿನ. ಪೆಟ್ಟಿಗೆ ತೆರೆದ ಮಾಷ್ಟ್ರು ಮೇಲಿನದನ್ನು ಎತ್ತಿ ನಾಯಿಯಿದ್ದಲ್ಲಿ ಹೆಬ್ಬೆರಳು ಆಡಿಸಿ ನೋಡಿದರು. ಅಷ್ಟರಲ್ಲಿ ಅವಳು ಕೈ ಚಾಚಿಯಾಗಿತ್ತು. ಒಂದನ್ನು ಮಡಿಲಲ್ಲಿಟ್ಟರು. ಬೆರಳು ಜಾರಿತು. ಮೊದಲಿಂದ ಹುಡುಕಿದಳು, ಮತ್ತೆ ಜಾರಿತು. ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು... ಎಷ್ಟೋ ಹೊತ್ತಾದ ಮೇಲೆ ಅವಳ ಗಂಟಲಿನಿಂದ ಒಂದು ಸ್ವರ ಬಂತು. ಅಂಥದ್ದನ್ನು ನಾನು ಅವಳಿಂದ ಎಂದೂ ಕೇಳಿರಲಿಲ್ಲ.

"ಇರಲಿ. ನೀವು ಒಳ್ಳೇದಕ್ಕೇ ಮಾಡಿದ್ದು," ಅಂದರು ಮಾಷ್ಟ್ರು. ನಾಲ್ಕು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಅವರೇ ಹೊಸ ರಟ್ಟಿನ ಮೇಲೆ ದಪ್ಪಗೆ ಬಿಳಿ ಬಣ್ಣ ಬಳಿದು ನಾಯಿ ಬರೆದುಕೊಟ್ಟರು. ಅವರಿಗೆ ನಾಯಿ ಚೆನ್ನಾಗಿಯೇ ಬರುತ್ತಿತ್ತು. ಅವಳು ಒಮ್ಮೆ ಮುಟ್ಟಿ ನೋಡಿ ದೂಡಿಬಿಟ್ಟಳು.

ಮರುವರ್ಷ ಜ್ವರ ಬಂದು ಹೋದಳು. ನನ್ನಿಂದ ಹೋದಳು ಅನ್ನಲಾರೆ. ಆದರೆ ಅವಳಿಗೆ ಉಳಿದಿದ್ದ ಆ ಒಂದು ವರ್ಷ ಅವಳು ನಗಲಿಲ್ಲ, ಅದು ನನ್ನಿಂದ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಮಾಷ್ಟ್ರು ತೋಡು ದಾಟಿ ಬಂದು ಪೆಟ್ಟಿಗೆಯನ್ನು ನಮ್ಮ ಜಗಲಿಯಲ್ಲಿಟ್ಟರು.

"ನಿಮ್ಮಲ್ಲೇ ಇರಲಿ. ಇನ್ನು ಹಾಳಾಗ್ಲಿಕ್ಕಿಲ್ಲ."

ಆ ಮಾತಿನಲ್ಲಿ ಕುಟುಕಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ...

ಕಳೆದ ವಾರ ಝೆರಾಕ್ಸ್ ಅಂಗಡಿಯಿಂದ ಬಂದ ದಿನ ಆ ಪೆಟ್ಟಿಗೆ ತೆರೆದೆ. ಗೆದ್ದಲಿಲ್ಲ, ಹೊಸ ಕಲೆಯಿಲ್ಲ. ಅವರು ಹೇಳಿದ ಹಾಗೇ ಒಂದೂ ಹಾಳಾಗಿಲ್ಲ. ಮೇಲಿನದನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಬೆರಳು ಸರಿಸಿದೆ. ಮೂರು ಚೌಕವೂ ಮುಗಿದು ಬೆರಳು ಅಂಚಿಗೆ ಬಂತು. ನಾಯಿ ಸಿಗಲಿಲ್ಲ.